ಬಟ್ಟಲಿನ ಕಡೆಯ ಗುಟುಕು

ಬಿರುಗಾಳಿಗೆ ಸೇಂಟ್ ಮೋನಿಕಾ ಚರ್ಚಿನ ಸೂರು ಹಾರಿಹೋಯಿತು. ಬಿಷಪ್ಪರು ಮತ್ತೆ ಕಟ್ಟಿಸುವುದಿಲ್ಲವೆಂದರು. ಸಭೆಯಲ್ಲಿ ಉಳಿದಿದ್ದ ನಾಲ್ಕಾರು ಮುದುಕ ಮುದುಕಿಯರು ಇನ್ನು ಪೇಟೆಯಲ್ಲಿ ಬಿಳಿಯರೇ ಹೆಚ್ಚಿರುವ ದೊಡ್ಡ ಎಪಿಸ್ಕೋಪಲ್ ಚರ್ಚಿಗೆ ಸೇರಬೇಕು.

ಅವರ ಮುಂದಾಳು ಲಿಯಾಂಟಿನ್‌ಳ ಮುತ್ತಜ್ಜಿ ಎದ್ದು ಬಂದದ್ದು ಅದೇ ದೊಡ್ಡ ಚರ್ಚಿನಿಂದ. ಆಗ ಕರಿಯರಿಗೆ ಮಾಳಿಗೆಯ ಬೆಂಚು. ಪ್ರಭುಭೋಜನದಲ್ಲಿ ದ್ರಾಕ್ಷಾರಸದ ಬಟ್ಟಲು ಬಿಳಿಯರ ತುಟಿಗಳನ್ನೆಲ್ಲ ಮುಟ್ಟಿದ ಮೇಲೆ, ತಳದಲ್ಲಿ ಉಳಿದದ್ದು ಅವರಿಗೆ. ಒಂದು ಈಸ್ಟರಿನಂದು ಮೆಟ್ಟಿಲಿಳಿದ ಮುತ್ತಜ್ಜಿ ಬಲಿಪೀಠದತ್ತ ತಿರುಗದೆ ನೇರ ಬಾಗಿಲು ದಾಟಿದಳು. ಅವಳ ಹಿಂದೆ ಮಾಳಿಗೆಗೆ ಮಾಳಿಗೆಯೇ ಇಳಿದು ಬಂತು. ಭತ್ತದ ಗದ್ದೆಗಳಲ್ಲಿ ಸವೆದ ಕೈಗಳೇ ನದಿಯ ದಂಡೆಯಲ್ಲಿ ಪೈನ್ ಹಲಗೆ ಬಡಿದು ಸೇಂಟ್ ಮೋನಿಕಾ ಕಟ್ಟಿದವು.

ದೊಡ್ಡ ಚರ್ಚಿನ ಫಾದರ್ ಹೋಲ್ಕಮ್ ಒಳ್ಳೆಯ ಮನುಷ್ಯ, ಊರಿಗೆ ಹೊಸಬರು.

"ಮೊದಲ ಭಾನುವಾರ ಬಟ್ಟಲು ನೀವೇ ಹಿಡೀಬೇಕು. ನಮಗದು ಗೌರವ," ಎಂದರು. ಲಿಯಾಂಟಿನ್ ಒಪ್ಪಿಬಿಟ್ಟಳು.

ಕಾರಿನಲ್ಲಿ ತಂಗಿ ಒಡೆಸ್ಸಾ ನಕ್ಕಳು. "ಅಯ್ಯೋ ಅಕ್ಕಾ, ಬಟ್ಟಲು ಹಿಡಿದೋರೇ ಕಡೇಲಿ ಉಳಿದದ್ದನ್ನ ಕುಡಿದು ಮುಗಿಸ್ಬೇಕಲ್ವೇನೆ? ಮುತ್ತಜ್ಜಿ ಬೇಡ ಅಂತ ಬಿಟ್ಟು ಬಂದ ಗುಟುಕು ನಿನಗೋಸ್ಕರ ಕಾದು ಕೂತಿದೆ ನೋಡು!"

"ಚೆಲ್ಲೋ ಹಾಗಿಲ್ಲ ಕಣೆ. ಆಶೀರ್ವದಿಸಿದ್ದು."

"ಹಾಗಾದ್ರೆ ಕುಡಿ, ಮಹಾರಾಣಿ."

ಲಿಯಾಂಟಿನ್ ಕಿಟಕಿಯತ್ತ ಮುಖ ತಿರುಗಿಸಿದಳು. ಕುಡಿದರೆ ಮುತ್ತಜ್ಜಿಯ ಸಮಾಧಿಯ ಮುಂದೆ ತಲೆಯೆತ್ತಿ ನಿಲ್ಲಲಾರಳು. ಒಲ್ಲೆನೆಂದು ಹೊರಟರೆ ತನ್ನನ್ನು ನಂಬಿ ಬಂದ ಮುದುಕರಿಗೆ ಪ್ರಭುಭೋಜನಕ್ಕೆ ಬೇರೆ ಮನೆಯಿಲ್ಲ.

ಭಾನುವಾರ ಫಾದರ್ ಬಟ್ಟಲನ್ನು ಅವಳ ಕೈಗಿತ್ತರು. ಬಲಿಪೀಠದ ಮುಂದಿನ ಕಟಕಟೆಯುದ್ದಕ್ಕೂ ಜನ ಮಂಡಿಯೂರಿ ಕಾದಿದ್ದರು. ಲಿಯಾಂಟಿನ್ ಅವರತ್ತ ಹೋಗಲಿಲ್ಲ. ನಿಂತಲ್ಲೇ ಬಟ್ಟಲೆತ್ತಿ, ಎಲ್ಲರಿಗಿಂತ ಮೊದಲು ತಾನು ಒಂದು ಗುಟುಕು ಕುಡಿದಳು. ಯಾರೋ ಕೆಮ್ಮಿದರು.

ಆಮೇಲೆ ಒಬ್ಬೊಬ್ಬರಿಗೂ ಕೊಟ್ಟಳು, ಪ್ರತಿ ತುಟಿಯ ನಂತರ ಅಂಚನ್ನು ಒರೆಸುತ್ತ. ಬಿಳಿಯರು, ತನ್ನವರು, ಎಲ್ಲರೂ ಮುಗಿದಾಗ ತಳದಲ್ಲಿ ಒಂದಿಷ್ಟು ಉಳಿದಿತ್ತು.

ಅವಳು ಅದನ್ನು ಫಾದರ್ ಮುಂದೆ ಹಿಡಿದಳು. "ಇದು ನಿಮಗೆ."

"ಇಲ್ಲಿ ಅದನ್ನ ನೀವೇ…"

"ನಮ್ಮೋರು ಇಲ್ಲಿ ಇದನ್ನ ಬೇಕಾದಷ್ಟು ಕುಡಿದಾಗಿದೆ, ಫಾದರ್."

ಅವರ ಕಣ್ಣು ಅವಳ ಮುಖದಿಂದ ಮೇಲಿನ ಖಾಲಿ ಮಾಳಿಗೆಗೆ ಹೋಗಿ ಅಲ್ಲೇ ನಿಂತಿತು. ಕಿವಿ ಕೆಂಪಾಯಿತು. ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಕಡೆಯ ಹನಿಯವರೆಗೂ ಕುಡಿದರು.

ಲಿಯಾಂಟಿನ್ ಇಳಿದು ಬಂದಳು. ಒಡೆಸ್ಸಾ ಸರಿದು ಬೆಂಚಿನಲ್ಲಿ ಜಾಗ ಕೊಟ್ಟಳು.