ಗೋಡೆಯಾಚೆಯ ಕುಣಿತ

ಹಾರುವುದು ಮಂಗನ ಕೆಲಸ. ಗಜೇಂದ್ರಗಡದಲ್ಲಿ ಗಂಡನ ಜೊತೆ ಸೀರೆ ಅಂಗಡಿ ನಡೆಸುವ, ಐವತ್ತರ ಹತ್ತಿರ ಬಂದ ನನ್ನಂಥವಳ ಕೆಲಸವಂತೂ ಅಲ್ಲವೇ ಅಲ್ಲ. ಈ ಬುದ್ಧಿ ಮೊದಲೇ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಇದಕ್ಕೆಲ್ಲ ಮೂಲ ಪಕ್ಕದ ಮನೆಯ ಮುನೀರಾಳ ಶುಗರ್ ಕಾಯಿಲೆ. ದಿನಾ ಒಂದಿಷ್ಟು ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಅವಳೋ ಹೊಸ್ತಿಲು ದಾಟುವವಳಲ್ಲ. ಕೆಲಸವಿಲ್ಲದೆ ರಸ್ತೆ ತಿರುಗಿದರೆ ಜನ ಏನಂದಾರು ಎಂಬ ಚಿಂತೆ. ಅವಳ ಅವ್ವನ ಕಾಲ್ಬೆರಳನ್ನು ಇದೇ ಕಾಯಿಲೆ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹೆದರಿಕೆಯಾಯಿತು. ಮೊಬೈಲಿನಲ್ಲಿ ಹುಡುಕಿ, ನಲವತ್ತು ದಾಟಿದ ಹೆಂಗಸರಿಗೆಂದೇ ಇರುವ ವ್ಯಾಯಾಮದ ಕ್ಲಾಸಿಗೆ ಇಬ್ಬರ ಹೆಸರನ್ನೂ ಸೇರಿಸಿಬಿಟ್ಟೆ. ಅವರವರ ಮನೆಯಲ್ಲೇ ಮೊಬೈಲು ನೋಡಿಕೊಂಡು ಮಾಡಿದರಾಯಿತು.

"ನೀ ಮಾಡಿದ್ರ ನಾನೂ ಮಾಡ್ತೀನಕ್ಕಾ. ನೀ ಬಿಟ್ರ ನಾನೂ ಬಿಟ್ಟೆ," ಎಂದಳು ಮುನೀರಾ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಕಲಿಸುವವಳು ಕಡ್ಡಿಯಂಥ ಹುಡುಗಿ. ನಲವತ್ತು ದಾಟಿದವರೆಂದರೆ ಅವಳ ಲೆಕ್ಕದಲ್ಲಿ ಜಿಂಕೆಗಳಿರಬೇಕು. "ಸ್ಮೈಲ್ ಮಾಡ್ತಾ ಜಂಪ್ ಮಾಡಿ ಮೇಡಂ," ಎನ್ನುತ್ತಾಳೆ. ನಾನು ಹಾರಿದೆ. ಹಲಗೆಯ ಮೇಲಿದ್ದ ತಂಬಿಗೆಗಳೂ ಹಾರಿದವು. ನನ್ನ ಗಂಡ ಪ್ರಭುಲಿಂಗಪ್ಪ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮನಿ ಕುಸಿದ್ರ ಗುಡ್ಡದ ಮ್ಯಾಲಿನ ಕಿಲ್ಲೇದಾಗ ಇರಬೇಕಾಗ್ತತಿ ನೋಡ, ರಾಜೇಶ್ವರಿ."

"ನಿಮ್ಮ ಚಾ ನೀವ ಕುಡೀರಿ ಸುಮ್ನ," ಎಂದೆ.

ವಾರದೊಳಗೆ ಮೊಣಕಾಲು ಊದಿತು. ಅಂಗಡಿಯಲ್ಲಿ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಗಿರಾಕಿಗಳು ಕೆಳಗಿನ ಖಾನೆಯ ಸೀರೆ ಕೇಳಿದರೆ, "ಅದು ನಿಮಗ ಒಪ್ಪಂಗಿಲ್ರಿ," ಎಂದು ಮೇಲಿನದನ್ನೇ ಮಾರುತ್ತಿದ್ದೆ. ಯಾವ ಗಳಿಗೆಯಲ್ಲಿ ಸೇರಿದೆನೋ ಎಂದು ಆ ಕಡ್ಡಿ ಹುಡುಗಿಗೂ ನನಗೂ ಸಮನಾಗಿ ಶಾಪ ಹಾಕಿಕೊಂಡೆ.

ಬಿಡುವಂತೆಯೂ ಇರಲಿಲ್ಲ. ನಮ್ಮ ಎರಡೂ ಮನೆಗೆ ನಡುವೆ ಒಂದೇ ಗೋಡೆ. ಬೆಳಿಗ್ಗೆ ಹಾಡು ಶುರುವಾದ ಕೂಡಲೇ ಆಚೆಯಿಂದ ಥಪ ಥಪ ಥಪ. ಅಷ್ಟು ಮೈ ಹೊತ್ತು ಅವಳು ಹಾರುತ್ತಿರುವಾಗ ನಾನು ಕೂರಲೆ? ನಾನು ಬಿಟ್ಟರೆ ಅವಳು ಬಿಡುತ್ತಾಳೆ, ಅವಳು ಬಿಟ್ಟರೆ ಬೆರಳು ಹೋಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಹಲ್ಲು ಕಚ್ಚಿ ಹಾರಿದೆ. ಮೇಲಾಗಿ ಕ್ಲಾಸು ಮುಗಿಯುತ್ತಲೇ ಅವಳ ಮನೆಯಿಂದ ಬಿಸಿ ಜೋಳದ ರೊಟ್ಟಿ ಬರುತ್ತಿದ್ದವು. "ದಣಿದಿರ್ತಿ, ತಿನ್ನಕ್ಕಾ." ಇಷ್ಟು ಹಾರಿಯೂ ರೊಟ್ಟಿ ಮಾಡುವ ಕಸುವು ಇವಳಿಗೆ ಎಲ್ಲಿಂದ ಬರುತ್ತದೆ ಎಂದು ಬೆರಗಾಗಿ, ನಾಚಿಕೆಗೆ ಒಂದು ಹೆಚ್ಚೇ ತಿನ್ನುತ್ತಿದ್ದೆ.

ಒಂದು ಬೆಳಿಗ್ಗೆ ಕ್ಲಾಸಿನ ನಡುವೆ ನನ್ನ ಮೊಬೈಲು ಬಂದ್ ಆಯಿತು. ನಮ್ಮ ಕಡೆ ಹಾಡಿಲ್ಲ, ಸದ್ದಿಲ್ಲ. ಗೋಡೆಯಾಚೆ ಮಾತ್ರ ಥಪ ಥಪ ಥಪ, ಒಂದಿಷ್ಟು ಬಿಡುವು, ಮತ್ತೆ ಥಪ ಥಪ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅದರ ಹಿಂದೆಯೇ ಜೋಳ ಬೇಯುವ ವಾಸನೆ ಬಂತು.

ಗೋಡೆ ಹಿಡಿದು ಕುಂಟುತ್ತ ಹೋದೆ. ಮುನೀರಾ ಒಲೆಯ ಮುಂದೆ ಮಹಾರಾಣಿಯಂತೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಡಬ್ಬಿಗೆ ಆನಿಸಿದ ಮೊಬೈಲಿನಲ್ಲಿ ಆ ಕಡ್ಡಿ ಹುಡುಗಿ ತನ್ನ ಪಾಡಿಗೆ ತಾನು ಹಾರುತ್ತಿದ್ದಳು.

"ಯಾವಾಗಿಂದ ನಡದೈತಿ ಇದು?"

"ಕ್ಲಾಸ್ ಸೇರಿದ ಮರುದಿನದಿಂದ," ಎಂದಳು, ಹಿಟ್ಟಿನ ಕೈಯಲ್ಲೇ ಸೆರಗು ಸರಿಮಾಡುತ್ತ. "ನೀ ಖುಷಿಲೆ ಧಡಾಧಡಾ ಹಾರ್ತಿದ್ದಿ. ನಾ ಬಿಟ್ಟೀನಿ ಅಂದ್ರ ನೀನೂ ಬಿಟ್ಟೀ ಅಂತ ಹೇಳಲಿಲ್ಲ."

"ಖುಷಿ? ನೋಡಿಲ್ಲಿ," ಎಂದು ಸೀರೆ ಎತ್ತಿ ಕುಂಬಳಕಾಯಿಯಂಥ ಮೊಣಕಾಲು ತೋರಿಸಿದೆ.

ಮೊದಲು ಅವಳ ತುಟಿ ಅದುರಿತು, ಆಮೇಲೆ ಹೊಟ್ಟೆ, ಆಮೇಲೆ ಪೂರ್ತಿ ಮುನೀರಾ. ಬೈಯಲು ಬಾಯಿ ತೆರೆದ ನನಗೂ ನಗು ಒದ್ದುಕೊಂಡು ಬಂತು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಶುಗರ್ ಚೆಕ್ ಮಾಡಿಸಿದೇನ?" ಎಂದು ಕೇಳಿದೆ, ನಗು ನಿಂತ ಮೇಲೆ.

ಅವಳು ತಲೆ ತಗ್ಗಿಸಿದಳು. "ಹೋಗಿಲ್ಲ. ಅವ್ವನ ಕಾಲ ನೆನಪಾಗ್ತತಿ. ಅಂಜಿಕಿ ಬರ್ತತಿ."

ನಿನ್ನ ಸಲುವಾಗಿ ನಡಿ ಎಂದರೆ ಇವಳು ಏಳುವವಳಲ್ಲ.

"ನನ್ನ ಮೊಣಕಾಲ ತೋರಸಬೇಕು. ದವಾಖಾನಿಗೆ ಒಬ್ಬಾಕಿ ಹ್ಯಾಂಗ ಹೋಗಲಿ?" ಎಂದೆ.

ಅವಳು ಒಲೆ ಆರಿಸಿದಳು. ಬುರ್ಖಾ ಹಾಕಿಕೊಂಡು ನನ್ನ ತೋಳು ಹಿಡಿದು ಹೊರಟೇಬಿಟ್ಟಳು. ಡಾಕ್ಟರು ನನಗೆ ಮುಲಾಮು ಕೊಟ್ಟರು, ಅವಳ ಶುಗರ್ ನೋಡಿ ಗುಳಿಗೆ ಹೆಚ್ಚಿಸಿದರು. "ಹಾರಬ್ಯಾಡ್ರಿ. ಯಾರದರೆ ಕೈ ಹಿಡಕೊಂಡು ಮೆಲ್ಲಕ ನಡೀರಿ," ಎಂದು ನನ್ನನ್ನು ಬೈದರು.

ಅಂದಿನಿಂದ ಪ್ರತಿ ಸಂಜೆ ಮುನೀರಾ ನನ್ನ ತೋಳು ಹಿಡಿದು ಬಸ್ ಸ್ಟ್ಯಾಂಡಿನತನಕ ನಡೆಸುತ್ತಾಳೆ. ಯಾರಾದರೂ ಕೇಳಿದರೆ, "ಅಕ್ಕನ ಕಾಲಿಗೆ ತ್ರಾಸ ಐತ್ರಿ, ನಾ ಬಿಟ್ರ ಬೀಳ್ತಾಳ," ಎಂದು ಜಂಬದಿಂದ ಹೇಳುತ್ತಾಳೆ. ಅವಳ ಶುಗರ್ ಇಳಿದಿದೆ. ನನ್ನ ಮೊಣಕಾಲು ನೆಟ್ಟಗಾಗಿ ಎಷ್ಟೋ ದಿನವಾಯಿತು. ಮನೆ ಬಿಡುವ ಮುಂಚೆ ಕನ್ನಡಿಯ ಮುಂದೆ ಒಂದಿಷ್ಟು ಕುಂಟಿ ನೋಡಿಕೊಂಡು ಹೊರಡುತ್ತೇನೆ.