ಆರೋಗ್ಯವಂತನ ಮಾದರಿ

ತನ್ನದೇ ಮಲ ತನ್ನ ವಿರುದ್ಧ ಸಾಕ್ಷಿ ಹೇಳೀತೆಂದು ಪಿಎಚ್.ಡಿ. ಮಾಡುವಾಗ ಇವನಿಗೆ ಯಾರೂ ಹೇಳಿರಲಿಲ್ಲ. ಲ್ಯಾಬಿನ ಪರದೆಯ ಮೇಲೆ, ಸೋಂಕಿದೆ ಎನ್ನುವ ಎರಡು ಗೆರೆ ಏರಿದ್ದವು. ಒಂದು ಅಣ್ಣನದು. ಇನ್ನೊಂದು ಏಳಲೇಬಾರದಿತ್ತು.

ಅಣ್ಣನಿಗೆ ಬೇರೆಯವರ ಕಿಡ್ನಿ ಹಾಕಿ ಎಂಟು ತಿಂಗಳು. ದೇಹ ಅದನ್ನು ಹೊರದಬ್ಬದಿರಲೆಂದು ಕೊಟ್ಟ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಮಲಗಿಸಿದ್ದವು. ಇಪ್ಪತ್ತು ದಿನದಿಂದ ಭೇದಿ. ಸೂಕ್ಷ್ಮದರ್ಶಕದಲ್ಲಿ ಏನೂ ಸಿಗಲಿಲ್ಲ. "ಡಿಎನ್‌ಎ ಪರೀಕ್ಷೆ ನಾನೇ ಮಾಡ್ತೀನಿ, ಬಿಡಿ" ಎಂದು ಇವನು ಎದೆಯುಬ್ಬಿಸಿದ್ದ. ಮನೆಯಲ್ಲೊಬ್ಬ ವಿಜ್ಞಾನಿ ಇರುವುದು ಮತ್ತೇತಕ್ಕೆ?

ರೋಗಿಯ ಮಾದರಿಯ ಜೊತೆಗೆ ಆರೋಗ್ಯವಂತನದೊಂದನ್ನು ಇಡುವುದು ನಿಯಮ. ಅರ್ಜಿ ಬರೆದು ತರಿಸಲು ಸೋಮಾರಿತನವಾಗಿ ಈ ಸಲ ತನ್ನದನ್ನೇ ಇಟ್ಟಿದ್ದ. ತನಗಿಂತ ಆರೋಗ್ಯವಂತ ಇನ್ಯಾರು! ಕಲ್ಲು ತಿಂದರೂ ಅರಗಿಸುವ ಹೊಟ್ಟೆ. ಆ ಹೊಟ್ಟೆಯಲ್ಲೇ, ಅಣ್ಣನನ್ನು ಹಿಂಡುತ್ತಿದ್ದ ಅದೇ ಪರೋಪಜೀವಿ ತಕರಾರಿಲ್ಲದೆ ಸಂಸಾರ ಹೂಡಿತ್ತು. ಕಲಬೆರಕೆಯಿರಬೇಕೆಂದು ಮತ್ತೆ ಪರೀಕ್ಷಿಸಿದ. ಅದೇ ಎರಡು ಗೆರೆ. ಕಲಬೆರಕೆ ಪತ್ತೆಗೆಂದು ಇಟ್ಟ ಬರೀ ನೀರಿನ ಕೊಳವೆ ಮಾತ್ರ ಮರ್ಯಾದಸ್ಥನಂತೆ ಸುಮ್ಮನಿತ್ತು.

ವರದಿ ಕೊಟ್ಟರೆ ಇವತ್ತೇ ಔಷಧಿ ಶುರು. ಆದರೆ ಆ ಆರೋಗ್ಯವಂತ ಯಾರೆಂದು ಅದರಲ್ಲಿ ಬರೆಯಬೇಕು.

ಅತ್ತಿಗೆಯ ಫೋನು ಬಂತು.

"ಏನಾದ್ರೂ ಗೊತ್ತಾಯ್ತಾ?"

"ಮಷೀನ್ ಇನ್ನೂ ಓಡ್ತಿದೆ, ಅತ್ತಿಗೆ." ಮಷೀನು ನಿಂತು ಗಂಟೆಯಾಗಿತ್ತು.

"ಡಾಕ್ಟ್ರು ಅದಕ್ಕೇ ಕಾಯ್ತಿದಾರೆ. ಸಂಜೆ ಬಂದ್ಬಿಡಪ್ಪ. ಆಪರೇಷನ್ ಆದಾಗಿಂದ ನೀನು ಕೈಯಾರೆ ತಿನ್ನಿಸಿದ್ರೇನೇ ಅವರಿಗೆ ನಾಲ್ಕು ತುತ್ತು ಇಳಿಯೋದು."

ಇವನು ತನ್ನ ಬಲಗೈ ನೋಡಿಕೊಂಡ; ಇಂಥ ಪರೋಪಜೀವಿ ದಾಟುವುದೇ ಕೈಯಿಂದ ಬಾಯಿಗೆ. ಎಂಟು ತಿಂಗಳಲ್ಲಿ ಇವನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಸಂಜೆ ವಾರ್ಡಿನಲ್ಲಿ ಅಣ್ಣ ಹಾಸಿಗೆಗೆ ಅಂಟಿಕೊಂಡು ಮಲಗಿದ್ದ.

"ರಿಪೋರ್ಟ್ ಬಂತೇನೋ?"

"ನಾಳೆ ಬರತ್ತೆ."

"ನಿನ್ನ ನಾಳೆ ಬರೋದ್ರೊಳಗೆ ನಾನೇ ಹೊರಟಿರ್ತೀನಿ" ಎಂದು ಅಣ್ಣ ನಕ್ಕ. "ಸರಿ, ಹಸಿವಾಗ್ತಿದೆ, ಕೊಡು."

ಇವನು ಜೇಬಿನಿಂದ ಲ್ಯಾಬಿನ ನೀಲಿ ಗ್ಲೌಸು ತೆಗೆದು ಹಾಕಿಕೊಂಡು ಅನ್ನ ಕಲಸಿದ. ಅಣ್ಣನ ನಗು ನಿಂತಿತು.

"ನನ್ನ ಮುಟ್ಟೋಕೂ ಅಸಹ್ಯ ಆಗತ್ತೇನೋ ನಿಂಗೆ?"

ಇಲ್ಲ ಎಂದರೆ, ಮತ್ತೇಕೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅಸಹ್ಯಪಟ್ಟ ತಮ್ಮ ಎನ್ನಿಸಿಕೊಳ್ಳುವುದೇ ವಾಸಿ ಎನಿಸಿತು, ಥೂ!

"ಆಸ್ಪತ್ರೆ ರೂಲ್ಸು, ಅಣ್ಣ."

ಅಣ್ಣ ತುಟಿ ಬಿಗಿದುಕೊಂಡ. ಆ ಮುಚ್ಚಿದ ಬಾಯಿಯ ಮುಂದೆ ತುತ್ತು ಹಿಡಿದ ನೀಲಿ ಕೈಯೊಂದು ಹಾಗೇ ನಿಂತಿತ್ತು. ಅದು ತನ್ನದೆಂದು ತಿಳಿಯಲು ಇವನಿಗೆ ಸ್ವಲ್ಪ ಹೊತ್ತು ಹಿಡಿಯಿತು.