ಅತ್ತೆಗೊಂದು ಅಕೌಂಟು, ಸೊಸೆಗೊಂದು ಅಕೌಂಟು

ಮೂಲೆಮನೆಯ ಟೈಲರಮ್ಮ ಯಾರ ಅಳತೆಯನ್ನೂ ಬರೆದಿಟ್ಟುಕೊಳ್ಳುವವಳಲ್ಲ. ಭುಜಕ್ಕೆ ಟೇಪ್ ಹಿಡಿದು ಒಂದು ಫೋಟೋ, ತೋಳಿಗೆ ಹಿಡಿದು ಒಂದು, ಸೊಂಟಕ್ಕೆ ಹಿಡಿದು ಇನ್ನೊಂದು. ಬಟ್ಟೆ ಕತ್ತರಿಸುವಾಗ ಫೋನನ್ನು ಹೊಲಿಗೆ ಮಿಷನ್ನಿಗೆ ಒರಗಿಸಿ ನಿಲ್ಲಿಸಿಕೊಂಡರೆ ಆಯಿತು, ಆ ಮನುಷ್ಯನೇ ಎದುರಿಗೆ ನಿಂತ ಹಾಗೆ. "ಚೀಟಿ ಆದ್ರೆ ಕಳೆದುಹೋಗುತ್ತೆ, ಫೋನು ಎಲ್ಲಿಗೆ ಹೋಗುತ್ತೆ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಫೋನು ಎಲ್ಲಿಗೂ ಹೋಗಲಿಲ್ಲ. ಹೋದದ್ದು ಫೋಟೋ.

ಅವತ್ತು ಬೆಳಿಗ್ಗೆ ಬೂದು ಬಟ್ಟೆ ಹಾಸಿ, ಕತ್ತರಿ ಕೈಗೆತ್ತಿಕೊಂಡು ಫೋನ್ ತೆರೆದರೆ ಆನೆ ಇಲ್ಲ. ಮೊಲ ಇಲ್ಲ. ನರಿಯೂ ಇಲ್ಲ. ಶಾಲೆಯ ನಾಟಕಕ್ಕೆ ಪ್ರಾಣಿಗಳ ವೇಷ ಹೊಲಿಯುವ ಕೆಲಸ ಅವಳಿಗೆ ಸಿಕ್ಕಿತ್ತು, ಇಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಅದೇ ಮೊದಲು. ಮಕ್ಕಳನ್ನೆಲ್ಲ ನಿಲ್ಲಿಸಿ ಅಳತೆಯ ಫೋಟೋ ತೆಗೆದುಕೊಂಡಿದ್ದಳು. ಈಗ ಒಂದೂ ಇಲ್ಲ. ಮತ್ತೆ ಅಳೆಯೋಣವೆಂದರೆ ರಜೆ ಸಿಕ್ಕಿದ್ದೇ ತಡ, ಮಕ್ಕಳು ನೆಂಟರ ಮನೆ ಸೇರಿದ್ದಾರೆ. ವಾಪಸು ಬರುವುದು ನಾಟಕದ ದಿನವೇ.

"ಅತ್ತೆ, ನನ್ನ ಫೋಟೋ ಎಲ್ಲ ಮಾಯ ಆಗಿವೆ."

ಅತ್ತೆ ಬಾಗಿಲ ಹತ್ತಿರ ಕೂತು ತಮ್ಮ ಫೋನಿನ ಗಾಜು ಒರೆಸುತ್ತಿದ್ದರು. ಮನೆಯಲ್ಲಿ ಒಂದು ಚಮಚ ಓರೆಯಾಗಿದ್ದರೂ ಅವರಿಗೆ ನಿದ್ದೆ ಬಾರದು.

"ನನ್ನ ಫೋನು ನೋಡು, ಎಷ್ಟು ಚೊಕ್ಕಟ ಆಗಿದೆ. ಬೆಳಿಗ್ಗೆ ಎದ್ದವಳೇ ಕಸ ಎಲ್ಲ ತೆಗೆದೆ. ಯಾರ್ಯಾರದೋ ತೋಳು, ಯಾರ್ಯಾರದೋ ಸೊಂಟ. ಮುಖ ಇಲ್ಲ, ಮೂತಿ ಇಲ್ಲ. ಅಂಥದ್ದನ್ನ ಯಾರಾದ್ರೂ ಇಟ್ಕೊಳ್ತಾರಾ?"

ಸೊಸೆ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

"ಅವೇ ಅತ್ತೆ ನನ್ನ ಅಳತೆ."

"ನಿನ್ನ ಅಳತೆ ನನ್ನ ಫೋನಿಗೆ ಯಾಕೆ ಬಂತು? ನಾನು ಅಳಿಸಿದ್ದು ನನ್ನ ಫೋನಲ್ಲಿ ಕಣೆ. ನಿನ್ನದನ್ನ ಮುಟ್ಟೇ ಇಲ್ಲ."

ಇಬ್ಬರೂ ಹೇಳಿದ್ದು ನಿಜವೇ. ಆಗಿದ್ದಿಷ್ಟು. ಆ ಮನೆಯಲ್ಲಿ ಫೋನು ಮೂರು, ಅಕೌಂಟು ಒಂದೇ. ಕರೆಂಟ್ ರಿಪೇರಿ ಮಾಡುವ ಮಗ ಮೊದಲ ಫೋನ್ ಕೊಂಡಾಗ ಅಂಗಡಿಯವನ ಮುಂದೆ ಕೂತು ಒಂದು ಅಕೌಂಟ್ ಮಾಡಿಸಿಕೊಂಡಿದ್ದ. ಆಮೇಲೆ ಹೆಂಡತಿಗೆ ಫೋನ್ ಬಂತು, ಅಮ್ಮನಿಗೂ ಬಂತು. ಅವಕ್ಕೂ ಅದನ್ನೇ ಹಾಕಿದ. ಹೀಗಾಗಿ ಮಗ ಉಳಿಸಿಕೊಂಡ 'ಸ್ವಿಚ್ ಸುಟ್ಟ ಅಂಕಲ್', 'ಫ್ಯಾನ್ ಕಿರುಗುಟ್ಟೋ ಮನೆ' ಎಂಬ ನಂಬರುಗಳೆಲ್ಲ ಅತ್ತೆಯ ಫೋನಿನಲ್ಲೂ ಇದ್ದವು. ಒಂದು ಸಲ ತಂಗಿಗೆಂದು ಒತ್ತಿದ್ದು ಸ್ವಿಚ್ ಸುಟ್ಟ ಅಂಕಲ್‌ಗೆ ಹೋಗಿ, ಅವರು ಯಾರೆಂದು ಗೊತ್ತಾಗುವ ಹೊತ್ತಿಗೆ ಅತ್ತೆ ಮಂಡಿನೋವಿನ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದರು.

ಸೊಸೆಯ ಸಪ್ಪೆ ಮುಖ ಕಂಡು ಕಿಟಕಿಯಾಚೆಯಿಂದ ಒಂದು ದನಿ ಬಂತು. ಪಕ್ಕದ ಮನೆಯ ಬಸ್ ಕಂಡಕ್ಟರ್. ಬೀದಿಯವರ ಬಾಯಲ್ಲಿ ಅವಳು ರೈಟಕ್ಕ. ಮಧ್ಯಾಹ್ನದ ಡ್ಯೂಟಿಗೆ ಹೋಗುವ ಮುಂಚೆ ಯೂನಿಫಾರ್ಮಿಗೆ ಗುಂಡಿ ಹಾಕಿಸಿಕೊಳ್ಳಲು ಬಂದಿದ್ದಳು.

"ಏನಮ್ಮಾ, ಬಸ್ಸು ತಪ್ಪಿದೋರ ಥರ ಕೂತಿದ್ದೀಯ?"

ಸೊಸೆ ಎಲ್ಲ ಹೇಳಿದಳು. ರೈಟಕ್ಕ ಒಳಗೆ ಬಂದು ಚಾಪೆಯ ಮೇಲೆ ಕೂತಳು.

"ಅಳಬೇಡ, ತಾಳು. ಅಳಿಸಿದ್ದು ಆ ಕ್ಷಣಕ್ಕೇ ಹಾಳಾಗಲ್ಲ. ಫೋಟೋ ಇರೋ ಜಾಗದಲ್ಲೇ ಕಸದಬುಟ್ಟಿ ಅಂತ ಒಂದಿರುತ್ತೆ, ಕೆಲವು ದಿನ ಅದರೊಳಗೆ ಬಿದ್ದಿರುತ್ತೆ. ದೊಡ್ಡಮ್ಮ, ಬುಟ್ಟಿ ಖಾಲಿ ಮಾಡಿಲ್ಲ ತಾನೆ?"

ಸೊಸೆ ತಟ್ಟನೆ ಅತ್ತೆಯ ಕಡೆ ತಿರುಗಿದಳು. ಅತ್ತೆಯ ಚೊಕ್ಕಟ ಅವಳಿಗೆ ಗೊತ್ತಿಲ್ಲದ್ದೇ?

"ಮಾಡೋಣ ಅಂತಲೇ ಇದ್ದೆ," ಎಂದರು ಅತ್ತೆ. "ಅಷ್ಟರಲ್ಲಿ ಹಾಲು ಉಕ್ಕಿತು."

ಕಸದಬುಟ್ಟಿ ತೆರೆದರೆ ಆನೆ ಅಲ್ಲೇ ಇತ್ತು. ಅಂಗಿಯ ಗುಂಡಿ ಬಿಗಿದ ದುಂಡು ಹುಡುಗ, ಭುಜದ ಮೇಲೆ ಟೇಪು. ಅದರ ಹಿಂದೆ ಮೊಲ, ನರಿ, ಗಿಳಿ. ಎಲ್ಲವನ್ನೂ ಆರಿಸಿ 'ಮರಳಿ ತನ್ನಿ' ಎಂದು ಒತ್ತಿದ್ದೇ ಸೊಸೆಯ ಫೋನಿಗೂ ಒಂದೊಂದಾಗಿ ವಾಪಸು ಬಂದವು. ಟೈಲರಮ್ಮ ಕಣ್ಣೊರೆಸಿಕೊಂಡು ನಕ್ಕಳು. ಅತ್ತೆಯೂ ನಕ್ಕು, "ಉಕ್ಕಿದ ಹಾಲಿಗೆ ಬೈದುಬಿಟ್ಟಿದ್ದೆ, ಪಾಪ," ಎಂದರು.

"ಇವತ್ತು ಹಾಲು ಕಾಪಾಡ್ತು. ನಾಳೆ?" ಎಂದಳು ರೈಟಕ್ಕ. "ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್ ಮಾಡ್ಕೊಳ್ಳಿ."

ಅತ್ತೆಯ ನಗು ಅಲ್ಲಿಗೆ ನಿಂತಿತು. "ಬೇರೆ ಆಗೋ ಮಾತು ಈ ಮನೇಲಿ ಬೇಡ. ಒಂದೇ ಒಲೆ ನಮ್ಮದು, ಒಂದೇ ಬಾಗಿಲು. ಇವತ್ತು ಅಕೌಂಟ್ ಬೇರೆ, ನಾಳೆ ಅಡುಗೆ ಬೇರೆ ಅಂತೀರಿ."

"ನನ್ನ ಬಸ್ಸೂ ಒಂದೇ ದೊಡ್ಡಮ್ಮ. ಹಾಗಂತ ಮನೆಮಂದಿಯೆಲ್ಲ ಒಂದೇ ಟಿಕೆಟಲ್ಲಿ ಹತ್ತಿ ಕೂತ್ರೆ ನಾನು ಬಿಡ್ತೀನಾ?"

"ನಿನ್ನ ಬಸ್ಸಲ್ಲ ಇದು, ಸಂಸಾರ."

"ಸರಿ, ಸಂಸಾರದ ಮಾತೇ ಕೇಳ್ತೀನಿ. ನಿಮ್ಮ ಹಲ್ಲಿನ ಸೆಟ್ಟನ್ನ ಸೊಸೆಗೆ ಹಾಕ್ಕೊಳ್ಳೋಕೆ ಕೊಡ್ತೀರಾ?"

ಸೊಸೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಬಾಯಿ ಬಿಗಿದುಕೊಂಡರು, ಆದರೆ ಪಟ್ಟು ಬಿಡಲಿಲ್ಲ.

ಅಷ್ಟರಲ್ಲಿ ಮಗ ಊಟಕ್ಕೆ ಬಂದ. ವಿಷಯ ತಿಳಿದು, "ಪಾಸ್‌ವರ್ಡ್ ಸುಲಭವಾಗೇ ಇದೆಯಲ್ಲ, ಒಂದರಿಂದ ಎಂಟು," ಎಂದ. ರೈಟಕ್ಕ ಹಣೆ ಹಣೆ ಚಚ್ಚಿಕೊಂಡಳು. "ಬಾಗಿಲು ಹಾಕಿ, ಬೀಗದ ಕೈಯನ್ನ ಬೀಗಕ್ಕೇ ನೇತುಹಾಕಿದ ಹಾಗಾಯ್ತು. ಸೆಟ್ಟಿಂಗ್ಸ್ ತೆಗಿ. ನಿನ್ನ ಅಕೌಂಟು, ಅದರೊಳಗೆ ಭದ್ರತೆ, ಅದರ ಕೆಳಗೆ 'ನಿಮ್ಮ ಸಾಧನಗಳು'. ನಿನ್ನ ಅಕೌಂಟಲ್ಲಿ ಯಾವ ಯಾವ ಫೋನು ಕೂತಿದೆ ಅಂತ ತೋರಿಸುತ್ತೆ."

ತೋರಿಸಿತು. ಮೂರು ಇರಬೇಕಾದಲ್ಲಿ ನಾಲ್ಕಿತ್ತು.

"ಇದು ನನ್ನ ಹಳೇ ಫೋನು," ಎಂದ ಮಗ, ತಲೆ ಕೆರೆದುಕೊಳ್ಳುತ್ತ. "ಗಾಜು ಒಡೆದಿತ್ತು ಅಂತ ಅಂಗಡಿಗೆ ಕೊಟ್ಟು ಹೊಸದು ತಗೊಂಡಿದ್ದೆ."

"ಅಳಿಸದೇ ಕೊಟ್ಟೆಯಾ? ಅದನ್ನ ರಿಪೇರಿ ಮಾಡಿ ಯಾರೋ ಇಟ್ಕೊಂಡಿರಬೇಕು. ಈ ಮನೆ ಫೋಟೋ ಎಲ್ಲ ಅವರ ಕೈಗೂ ಸಿಗಬಹುದು."

"ಎಲ್ಲ ಫೋಟೋನೂ?" ಎಂದು ಅತ್ತೆ ಕೇಳಿದರು. ದನಿ ಸಣ್ಣಗಾಗಿತ್ತು.

"ಎಲ್ಲವೂ ದೊಡ್ಡಮ್ಮ."

"ಹಲ್ಲಿನ ಡಾಕ್ಟರಿಗೆ ಕಳಿಸೋಕೆ ಅಂತ, ಹಲ್ಲು ತೆಗೆದು, ಬಾಯಿ ಇಷ್ಟಗಲ ತೆರೆದು..."

ಮಗ ಅಮ್ಮನ ಮುಖ ನೋಡಲಾಗದೆ ತಟ್ಟೆ ನೋಡಿದ.

"ಮೊದಲು ಆ ಫೋನನ್ನ ಇಳಿಸು," ಎಂದರು ಅತ್ತೆ ಎದ್ದು ನಿಂತು. "ಸೀಟಿ ಊದಿ ಇಳಿಸು. ಆಮೇಲೆ ನನಗೊಂದು ಅಕೌಂಟ್ ಮಾಡು."

ರೈಟಕ್ಕ ಹೇಳಿಕೊಟ್ಟಂತೆ ಮಗ ಹಳೆಯ ಫೋನನ್ನು 'ಸೈನ್ ಔಟ್' ಮಾಡಿದ. ಒಂದರಿಂದ ಎಂಟನ್ನು ಕಿತ್ತು, ಉದ್ದನೆಯ ಹೊಸ ಪಾಸ್‌ವರ್ಡ್ ಇಟ್ಟ. ಹಳೆಯ ಅಕೌಂಟ್ ಅವನಿಗೇ ಉಳಿಯಿತು. ಸೊಸೆ ತನ್ನ ಹೆಸರಿನಲ್ಲಿ ಹೊಸದು ಮಾಡಿಕೊಂಡು, ಅಳತೆಯ ಫೋಟೋಗಳನ್ನೆಲ್ಲ ಅದಕ್ಕೆ ಕಳಿಸಿ, ಬಂದಿವೆಯೇ ಎಂದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಹಳೆಯದನ್ನು ತನ್ನ ಫೋನಿನಿಂದ ತೆಗೆದಳು.

ಆಮೇಲೆ ಅತ್ತೆಯ ಸರದಿ. ಹೆಸರು ಸಲೀಸಾಗಿ ಮುಗಿಯಿತು. ಹುಟ್ಟಿದ ವರ್ಷಕ್ಕೆ ಬಂದಾಗ ಗಾಡಿ ನಿಂತಿತು.

"ವಯಸ್ಸು ಸ್ವಲ್ಪ ಕಮ್ಮಿ ಹಾಕು."

"ಸುಳ್ಳು ಹಾಕಬೇಡಿ ದೊಡ್ಡಮ್ಮ. ನಾಳೆ ಅಕೌಂಟ್ ತೆರೆಯೋಕೆ ಆಗದಿದ್ರೆ, ಇದು ನಿಮ್ಮದೇ ಅಂತ ತೋರಿಸೋವಾಗ ನೀವೇ ಮರೆತಿರ್ತೀರಿ. ನಿಮ್ಮ ಫೋನಿಗೆ ಗುಟ್ಟಿನ ನಂಬರು ಬಂತು ನೋಡಿ, ಒಟಿಪಿ. ಅದನ್ನ ನೀವೇ ಒತ್ತಿ. ಫೋನ್ ಮಾಡಿ ಯಾರು ಕೇಳಿದ್ರೂ ಹೇಳಬಾರದು."

"ನೀನು ಕೇಳಿದ್ರೆ?"

"ನಾನು ಕೇಳಿದ್ರೂ ಬೈದು ಕಳಿಸಿ."

ಪಾಸ್‌ವರ್ಡ್ ಹಾಕುವಾಗ ಅತ್ತೆ ಮೂವರನ್ನೂ ಗೋಡೆ ಕಡೆ ತಿರುಗಿ ನಿಲ್ಲಲು ಹೇಳಿದರು. ನಿಂತರು. ಬಹಳ ಹೊತ್ತೇ ನಿಂತರು.

"ಕೊನೆಯದು," ಎಂದಳು ರೈಟಕ್ಕ. "ಪಾಸ್‌ವರ್ಡ್ ಮರೆತ್ರೆ ಅಕೌಂಟ್ ವಾಪಸು ಪಡೆಯೋಕೆ ನಿಮ್ಮ ನಂಬರು ಇರಲಿ. ಜೊತೆಗೆ ನಂಬಿಕೆಯವರದೊಂದು ಇಮೇಲ್ ಕೊಡಿ. ಯಾರದ್ದು ಹಾಕ್ಲಿ?"

ಮಗ ತನ್ನದನ್ನು ಹೇಳಲು ಬಾಯಿ ತೆರೆದ.

"ಇವಳದ್ದು ಹಾಕು," ಎಂದು ಅತ್ತೆ ಸೊಸೆಯ ಕಡೆ ಕೈ ತೋರಿಸಿದರು. "ಅವನು ಬೇಡ. ಒಂದರಿಂದ ಎಂಟು ಇಟ್ಟೋನು ಅವನು."

ಸೊಸೆ ಅತ್ತೆಯ ಪಕ್ಕಕ್ಕೆ ಬಂದು ಕೂತು, ತನ್ನ ಹೊಸ ಇಮೇಲನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು. ರೈಟಕ್ಕ ಅತ್ತೆಯ ಫೋನಿನಿಂದಲೂ ಹಳೆಯ ಅಕೌಂಟ್ ತೆಗೆಸಿ, ಮೂರೂ ಫೋನಿಗೆ ಸೇರುವಂತೆ ಒಂದು ಆಲ್ಬಮ್ ಮಾಡಿಕೊಟ್ಟಳು. ಎಲ್ಲರೂ ನೋಡಲಿ ಎಂದು ಯಾರಾದರೂ ಹಾಕಿದ್ದು ಮಾತ್ರ ಅದರಲ್ಲಿ ಇರುತ್ತದೆ. "ಇದು ನಿಮ್ಮ ನಡುಮನೆ ದೊಡ್ಡಮ್ಮ. ಸಂಸಾರ ಒಡೆದಿಲ್ಲ," ಎಂದು ಗುಂಡಿ ಹಾಕಿಸಿಕೊಂಡು, "ರೈಟ್," ಎಂದು ಹೊರಟಳು.

ನಾಟಕದ ದಿನ ಆನೆಯ ವೇಷ ಆ ದುಂಡು ಹುಡುಗನ ಮೈಗೆ ಅಂಟಿಕೊಂಡ ಹಾಗೆ ಕೂತಿತ್ತು. ಸೊಂಡಿಲು ಎತ್ತಿ ಅವನು ಮೊಲವನ್ನು ತಿವಿದಾಗ ಮೊಲ ಮಾತು ಮರೆತು ನಕ್ಕಿತು, ಸಭೆಯೂ ನಕ್ಕಿತು. ಮೊದಲ ಸಾಲಿನಲ್ಲಿ ನಿಂತು ಫೋಟೋ ತೆಗೆಯುತ್ತಿದ್ದವರು ಅತ್ತೆ. ತೆಗೆದು ನಡುಮನೆಯ ಆಲ್ಬಮ್ಮಿಗೆ ಹಾಕಿ, ಪಕ್ಕದವರಿಗೆಲ್ಲ "ನನ್ನ ಅಕೌಂಟು," ಎಂದು ತೋರಿಸಿದರು.

"ಪಾಸ್‌ವರ್ಡ್ ಏನಿಟ್ಟಿದ್ದೀರಿ ಅತ್ತೆ?" ಎಂದು ಸೊಸೆ ಸುಮ್ಮನೆ ಕೆಣಕಿದಳು.

"ಹಲ್ಲು ಬಾಯಲ್ಲಿದ್ರೂ ಹೇಳಲ್ಲ, ತೆಗೆದಿಟ್ರೂ ಹೇಳಲ್ಲ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನು ಯಾರ ಅಕೌಂಟಿನಲ್ಲಿ ನಡೆಯುತ್ತಿದೆ? ಗೊತ್ತಿಲ್ಲದಿದ್ದರೆ ಇವತ್ತೇ ಸೆಟ್ಟಿಂಗ್ಸ್ ತೆರೆದು ನೋಡಿ. ಅಂಗಡಿಯವರದೋ ಅಳಿಯನದೋ ಆಗಿದ್ದರೆ, ನಿಮ್ಮ ಹೆಸರು, ನಿಮ್ಮ ನಂಬರು ಹಾಕಿ ನಿಮ್ಮದೇ ಒಂದನ್ನು ಮಾಡಿಕೊಳ್ಳಿ. ಯಾರೂ ಊಹಿಸಲಾಗದ ಪಾಸ್‌ವರ್ಡ್ ಇಡಿ, ನಂಬರು ಬದಲಾದರೆ ಅಕೌಂಟಿನಲ್ಲೂ ಬದಲಿಸಿ, ಒಟಿಪಿ ಯಾರಿಗೂ ಹೇಳಬೇಡಿ. ಹಳೆಯ ಫೋನನ್ನು ಕೈಬಿಡುವ ಮೊದಲು ಬೇಕಾದ್ದನ್ನು ಉಳಿಸಿಕೊಂಡು, ಅಕೌಂಟ್ ತೆಗೆದು, ಫೋನನ್ನು ಪೂರ್ತಿ ಅಳಿಸಿ ಕೊಡಿ. ತಿಳಿಯದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಒತ್ತುವ ಬೆರಳು ನಿಮ್ಮದೇ ಇರಲಿ. ಪಾಸ್‌ವರ್ಡ್ ಹಾಕುವಾಗ ಮಾತ್ರ ಅವರನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.